ಗೌರಿ ಹಬ್ಬಕ್ಕೆ ಮೆಕ್ಸಿಕೋ ಹುಳ

ನನ್ನ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಆಳೆತ್ತರ ಬೆಳೆದಿದ್ದ ಪಾರ್ಥೇನಿಯಂ ಕಳೆಯನ್ನು ಒಂದು ಗಿಡವನ್ನೂ ಮುಟ್ಟದೆ, ಸೊಂಟ ಬಗ್ಗಿಸದೆ, ಯಾರ ಕಾಲನ್ನೂ ಹಿಡಿಯದೆ ನಿರ್ನಾಮ ಮಾಡುವ ಉಪಾಯ ಹೊಳೆದ ದಿನ, ಇಡೀ ಅರಕಲಗೂಡಿನಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಾಯಿತು. ತಪ್ಪೊಪ್ಪಿಕೊಳ್ಳಲು ಕುಳಿತಿರುವ ಈ ಹೊತ್ತಿನಲ್ಲೂ ಹೇಳುತ್ತೇನೆ, ಉಪಾಯದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನಲ್ಲಿ. ಸ್ವಲ್ಪ ಹುಳಗಳಲ್ಲೂ!

ಈ ಕಳೆಯನ್ನು ನಮ್ಮ ಕಡೆ ಜನ ಒಂದು ರಾಜಕೀಯ ಪಕ್ಷದ ಹೆಸರಿನಿಂದ ಕರೆಯುತ್ತಾರೆ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ನಾನು ಆ ಹೆಸರು ಬರೆದು ಮುದಿವಯಸ್ಸಿನಲ್ಲಿ ತಕರಾರು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಯಾವ ಪಕ್ಷ ಬಂದರೂ, ಯಾವುದು ಹೋದರೂ ಕಳೆ ಮಾತ್ರ ಹೋಗಲಿಲ್ಲ ಎಂದಷ್ಟೇ ಹೇಳಬಲ್ಲೆ. ಪರದೇಶದಿಂದ ತರಿಸಿದ ಗೋಧಿಯ ಜೊತೆ ಸದ್ದಿಲ್ಲದೆ ಬಂತಂತೆ. ಅಂದರೆ ಟಿಕೆಟ್ಟಿಲ್ಲದೆ! ನನ್ನ ಸರ್ವಿಸಿನಲ್ಲಿ ರಾಮನಾಥಪುರದ ಸಂತೆಗೆ ಹೋಗುವ ಒಂದು ಕೋಳಿಯನ್ನೂ ಟಿಕೆಟ್ಟಿಲ್ಲದೆ ಬಿಟ್ಟವನಲ್ಲ ನಾನು. ಆದರೆ ಈ ದರಿದ್ರ ಗಿಡವನ್ನು ಬಂದರಿನಲ್ಲಿ ತಡೆದು ಒಂದು ಮಾತು ಕೇಳುವವರು ಈ ದೇಶದಲ್ಲಿ ಇರಲಿಲ್ಲ.

ಇಷ್ಟು ಸಿಟ್ಟು ನನಗೇಕೆ ಎಂದರೆ, ನನ್ನ ಹೆಂಡತಿ ಜಯಮ್ಮನಿಗೆ ಆ ಗಿಡ ಆಗುವುದಿಲ್ಲ. ಮಳೆ ಹಿಡಿದು ಅದು ಬಿಳಿ ಹೂ ಬಿಟ್ಟಿತೆಂದರೆ ಇವಳಿಗೆ ಉಬ್ಬಸ ಶುರು. ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಾಳೆ. ಆ ಸುಂಯ್ ಸುಂಯ್ ಸದ್ದು ಕೇಳುತ್ತಾ ಪಕ್ಕದಲ್ಲಿ ಕೂರುವುದು ಬಹಳ ಕಷ್ಟ. ಈ ಸಲ ಹಾಸನದ ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿಬಿಟ್ಟರು: "ಔಷಧಿ ಎಷ್ಟು ಅಂತ ಕೊಡ್ಲಿ? ಒಂದೋ ಆ ಕಳೆ ದೂರ ಹೋಗಬೇಕು, ಇಲ್ಲಾ ಇವರು ದೂರ ಹೋಗಬೇಕು."

ಜಯಮ್ಮ ಬಸ್ಸಿನಲ್ಲೇ ತೀರ್ಮಾನ ಮಾಡಿದಳು. "ಗೌರಿ ಹಬ್ಬ ಮುಗೀಲಿ. ಚನ್ನರಾಯಪಟ್ಟಣಕ್ಕೆ, ನಮ್ಮ ಮಂಜನ ಮನೆಗೆ ಹೋಗ್ತೀನಿ. ಸಂಕ್ರಾಂತಿ ಹೊತ್ತಿಗೆ ಬರ್ತೀನಿ."

"ಸಂಕ್ರಾಂತಿಗಾ? ಅಲ್ಲೀತನಕ ನಾನೇನು ತಿನ್ನಲಿ?"

"ಪಕ್ಕದ ಸೈಟಲ್ಲಿ ಬೇಕಾದಷ್ಟು ಸೊಪ್ಪಿದೆಯಲ್ಲ."

ಊಟದ ಮಾತು ಬಾಯಿಗೆ ಬಂದದ್ದು ನಿಜ. ಆದರೆ ಅವಳಿಲ್ಲದ ಮನೆಗೆ ಸಂಜೆ ಹೊತ್ತು ಹೇಗೆ ಕಾಲಿಡುವುದು ಎಂಬ ಮಾತು ಬಾಯಿಗೆ ಬರಲಿಲ್ಲ. ಗಂಡಸರು ಅದನ್ನೆಲ್ಲ ಹೇಳುವುದಿಲ್ಲ. ಹೇಳಬೇಕಿತ್ತು.

ಸೈಟಿನ ಮಾಲೀಕ ನಂಜುಂಡಪ್ಪ. ಹೊಳೆನರಸೀಪುರದಲ್ಲಿ ಸಿಮೆಂಟು ವ್ಯಾಪಾರ. ಫೋನ್ ಮಾಡಿದರೆ, "ಸೈಟು ತಗೊಂಡಿದ್ದು ರೇಟ್ ಏರ್ಲಿ ಅಂತ. ಹುಲ್ಲು ಕೀಳ್ಸಕ್ಕಲ್ಲ" ಎಂದ. ಪಟ್ಟಣ ಪಂಚಾಯಿತಿಗೆ ಹೋದರೆ, ಅದು ಖಾಸಗಿ ಜಾಗ, ನಮಗೆ ಬರಲ್ಲ ಎಂದರು. ಎದುರುಮನೆಯ ತಿಮ್ಮೇಗೌಡ, ನನ್ನ ಓರಗೆಯವನು, ಹೊಗೆಸೊಪ್ಪು ಬೆಳೆದು ಗಟ್ಟಿಯಾದ ಮೈಯವನು, ಅವನದು ಇನ್ನೊಂದು ಬುದ್ಧಿವಾದ: "ಲೇ ಕಂಡಕ್ಟ್ರೇ, ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕಂಡು ದಿನಾ ಒಸಿ ಒಸಿ ಬಗ್ಗಿ ಕಿತ್ರೆ ಆಯ್ತದೆ ಕಣ್ಲಾ. ಇದ್ಕೆ ಡೆಲ್ಲಿಗಂಟ ಓಗ್ಬೇಕಾ?"

ಬಗ್ಗುವುದು! ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನೆಟ್ಟಗೆ ನಿಂತು ಟಿಕೆಟ್ ಹರಿದ ಸೊಂಟಕ್ಕೆ ಬಗ್ಗು ಎನ್ನುತ್ತಾನೆ! ನನಗೆ ಅವಮಾನವಾಯಿತು.

ಅಂಥ ಹೊತ್ತಿನಲ್ಲಿ, ಹಬ್ಬಕ್ಕೆ ಮುಂಚೆ ಯಾವುದೋ ಕೆಲಸಕ್ಕೆ ಚನ್ನರಾಯಪಟ್ಟಣಕ್ಕೆ ಹೋದಾಗ, ನನ್ನ ಬಾಮೈದ ಮಂಜನ ಹಿತ್ತಲಾಚೆ ಒಂದು ಅದ್ಭುತ ಕಂಡೆ. ಅಲ್ಲಿಯೂ ಅದೇ ಕಳೆ, ಅದೇ ಎತ್ತರ. ಆದರೆ ಒಂದೆಲೆ ಇಲ್ಲ! ಬರೀ ಕಡ್ಡಿ. ಹತ್ತಿರ ಹೋಗಿ ನೋಡಿದರೆ ಕಡ್ಡಿಯ ತುಂಬ ತೊಗರಿಕಾಳಿನಷ್ಟು ದಪ್ಪದ ಹುಳಗಳು. ಹಾಲುಬಿಳುಪಿನ ಬೆನ್ನು, ಅದರ ಮೇಲೆ ಕಂದು ಗೆರೆ. ಒಳ್ಳೆ ಪಟ್ಟೆ ಅಂಗಿ ತೊಟ್ಟು ಮದುವೆ ಪಂಕ್ತಿಗೆ ಕೂತವರ ಹಾಗೆ ಕೂತು ತಿನ್ನುತ್ತಿದ್ದವು.

"ಇವು ಮೆಕ್ಸಿಕೋ ದೇಶದ ಹುಳ ಬಾವ" ಎಂದ ಮಂಜ. "ಈ ಕಳೆ ತಿನ್ನಲಿ ಅಂತಲೇ ಹಿಂದೆ ವಿಜ್ಞಾನಿಗಳು ಅಲ್ಲಿಂದ ತರಿಸಿ ಬಿಟ್ಟರಂತೆ. ಬೇರೆ ಬೆಳೆ ಮುಟ್ಟಲ್ವಂತೆ. ಮಳೆಗಾಲದಲ್ಲಿ ನೆಲದಿಂದ ಎದ್ದು ಬರ್ತವೆ."

ನನ್ನ ಮೈ ಜುಮ್ಮೆಂದಿತು. ಕಳೆಯೂ ಆ ಕಡೆಯದು, ಹುಳವೂ ಆ ಕಡೆಯದು. ಅವರವರ ಜಗಳ ಅವರವರೇ ತೀರಿಸಿಕೊಳ್ಳಲಿ! ನಾನು ಪಂಚಾಯಿತಿದಾರನಂತೆ ಜಗಲಿಯ ಮೇಲೆ ಕೂತು ನೋಡಿದರೆ ಸಾಕು.

ಆದ್ದರಿಂದ ಗೌರಿ ಹಬ್ಬದ ಹಿಂದಿನ ದಿನ ಹುಳ ಹಿಡಿಯಲೆಂದೇ ಮತ್ತೆ ಚನ್ನರಾಯಪಟ್ಟಣಕ್ಕೆ ಹೊರಟೆ. ಆಗ ಜಯಮ್ಮನೂ ಒಂದು ಕೆಲಸ ಅಂಟಿಸಿದಳು. ನಂಜುಂಡಪ್ಪನ ಹೆಂಡತಿ ಸುಶೀಲಮ್ಮ ಇವಳ ತವರಿನವಳೇ, ಒಂದೇ ಬೀದಿಯವರು. ಜಯಮ್ಮ ಫೋನಿನಲ್ಲೇ ಮಂಜನ ಹೆಂಡತಿ ಲತಾಳಿಗೆ ಹೇಳಿ ಸುಶೀಲಮ್ಮನ ಹೆಸರಲ್ಲಿ ಒಂದು ಬಾಗಿನ ಕಟ್ಟಿಸಿದ್ದಳು.

"ತವರೂರಿಂದ ಬಾಗಿನ ಬಂದ್ರೆ ಯಾವ ಹೆಂಗಸಿನ ಮನಸ್ಸೂ ಕರಗುತ್ತೆ ಕಣ್ರೀ. ಬರೋವಾಗ ಹೊಳೆನರಸೀಪುರದಲ್ಲಿಳಿದು ಅವಳ ಕೈಗೆ ಕೊಟ್ಟು ಬನ್ನಿ. ಸೈಟಿನ ಮಾತು ಅವಳೇ ಗಂಡನಿಗೆ ಹೇಳ್ತಾಳೆ. ನೀವೇನೂ ಮಾತಾಡಬೇಡಿ. ಕೊಟ್ಟು ಬನ್ನಿ, ಅಷ್ಟೇ."

"ನನ್ನ ಹುಳ ಇರುವಾಗ ಸುಶೀಲಮ್ಮನ ಹಂಗು ಯಾಕೆ?"

"ಹುಳಕ್ಕೆ ನಿಮ್ಮ ಮೇಲೆ ನಂಬಿಕೆ ಇರಬಹುದು. ನನಗಿಲ್ಲ."

ಮಂಜನ ಹಿತ್ತಲಲ್ಲಿ ಹುಳ ಹಿಡಿಯುವುದು ಸುಲಭವಾಗಿತ್ತು. ಗಿಡ ಒದರಿದರೆ ಉದುರುತ್ತಿದ್ದವು. ಅವನ್ನು ಊರಿಗೆ ಒಯ್ಯುವುದು ಹೇಗೆ ಎಂಬುದೇ ಪ್ರಶ್ನೆ. ಮೊದಲು ಪ್ಲಾಸ್ಟಿಕ್ ಡಬ್ಬಿಗೆ ತುಂಬಿದೆ. ಒಳಗೆ ಬೆವರಿಟ್ಟು ಹುಳಗಳು ಅಂಗಾತ ಬಿದ್ದವು. ಗಾಳಿ ಆಡಬೇಕು, ಆದರೆ ತಪ್ಪಿಸಿಕೊಳ್ಳಬಾರದು. ನೋಡಿದೆ, ಲತಾ ಹಬ್ಬಕ್ಕೆಂದು ತರಿಸಿದ್ದ ಹೊಸ ಬಿದಿರು ಮೊರಗಳು ಗೋಡೆಗೆ ಒರಗಿದ್ದವು. ಎರಡು ಎತ್ತಿಕೊಂಡೆ. ಒಂದರೊಳಗೆ ತೆಳು ಬಟ್ಟೆ ಹಾಸಿ, ದಾರಿಯಲ್ಲಿ ಹುಳಗಳಿಗೆ ತಾಜಾ ಊಟ ಇರಲೆಂದು ಅಂಚಿನಲ್ಲಿ ಇನ್ನೂ ಎಲೆ ಉಳಿದಿದ್ದ ಕೆಲವು ಕಳೆಗಿಡಗಳನ್ನು ಬೇರಿನ ಒದ್ದೆ ಮಣ್ಣಿನ ಸಮೇತ ಇಟ್ಟು, ಹುಳ ಸುರಿದು, ಬಟ್ಟೆ ಮಡಿಚಿ, ಇನ್ನೊಂದು ಮೊರ ಕವುಚಿ ದಾರ ಬಿಗಿದೆ. ಇಷ್ಟು ಒಳ್ಳೆಯ ವಾಹನ ಆ ಹುಳಗಳಿಗೆ ಮೆಕ್ಸಿಕೋದಿಂದ ಬರುವಾಗಲೂ ಸಿಕ್ಕಿರಲಾರದು!

ಓದುಗರಿಗೆ ಈಗಾಗಲೇ ಕಾಣುತ್ತಿರುವುದು ನನಗೆ ಆಗ ಕಾಣಲಿಲ್ಲ. ಬಾಗಿನ ಎಂದರೂ ಎರಡು ಮೊರವೇ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ ಇಟ್ಟು ಇನ್ನೊಂದು ಕವುಚಿ ದಾರ ಬಿಗಿಯುವುದೇ.

ಸಾಲದ್ದಕ್ಕೆ ಬೆಳಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಲತಾ ನನ್ನ ಮೊರಕ್ಕೂ ಅರಿಶಿನ ಕುಂಕುಮ ಹಚ್ಚಿ, ಅರಿಶಿನದ ದಾರ ಸುತ್ತಿ, ತಾನು ಕಟ್ಟಿದ ಬಾಗಿನದ ಪಕ್ಕದಲ್ಲೇ ಇಟ್ಟಿದ್ದಳು. "ಹಬ್ಬದ ದಿನ ಬರಿ ಮೊರ ಮನೆಯಿಂದ ಆಚೆ ಹೋಗಬಾರದು ಅಣ್ಣ" ಎಂದಳು. ಅಷ್ಟು ಒಳ್ಳೆಯ ಹುಡುಗಿಯನ್ನು ಬೈಯುವುದಾದರೂ ಹೇಗೆ?

"ಬಾವ, ಅದಲುಬದಲಾದೀತು" ಎಂದ ಮಂಜ.

ನಾನು ನಕ್ಕೆ. "ಲೋ ಮಂಜ, ಸರ್ವಿಸಿನಲ್ಲಿ ಒಬ್ಬರ ಲಗೇಜು ಇನ್ನೊಬ್ಬರಿಗೆ ಇಳಿಸಿದವನಲ್ಲ ನಾನು. ಎಡಗೈಯಲ್ಲಿ ಹುಳ, ಬಲಗೈಯಲ್ಲಿ ಗೌರಮ್ಮ. ಮುಗೀತು."

ಬಸ್ಸಿನಲ್ಲಿ ಹೆಂಗಸರ ಜಾತ್ರೆ. ಟಿಕೆಟ್ ಫ್ರೀ ಆದಮೇಲೆ ಹಬ್ಬದ ದಿನ ಗಂಡಸರಿಗೆ ಬಸ್ಸಿನಲ್ಲಿ ಕಂಬಿಯೇ ಗತಿ. ನಾನು ಎರಡು ಮೊರ ಎದೆಗವಚಿಕೊಂಡು ತೂಗಾಡುತ್ತಿದ್ದುದನ್ನು ಕಂಡು ಒಬ್ಬ ಅಜ್ಜಿಗೆ ಕರುಣೆ ಬಂತು.

"ತವರು ಬಾಗಿನ ಕಣಪ್ಪಾ, ಯಾಕಂಗೆ ಒದ್ದಾಡಿಸ್ತೀಯೆ? ಇತ್ತಾಗ್ ಕೊಡು, ಮಡ್ಲಲ್ಲಿ ಇಟ್ಕತೀನಿ."

"ಬೇಡಜ್ಜಿ, ಒಂದು ಬಾಗಿನ ಅಲ್ಲ..."

"ಎಲ್ಡೂ ಕೊಡು ಮತ್ತೆ! ನಾನೇನ್ ತಿಂದ್ಬುಡ್ತೀನಾ?"

ಎರಡನ್ನೂ ಕಿತ್ತುಕೊಂಡಳು. ಒಂದರ ಮೇಲೊಂದು ಮಡಿಲಲ್ಲಿಟ್ಟು ಕಣ್ಣಿಗೊತ್ತಿಕೊಂಡಳು. ಪಕ್ಕದವಳೂ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದಿನ ಸೀಟಿನಿಂದಲೂ ಕೈಗಳು ಬಂದವು. ಮೆಕ್ಸಿಕೋದ ಹುಳಗಳಿಗೆ ಅಷ್ಟು ಜನ ಮುತ್ತೈದೆಯರ ನಮಸ್ಕಾರ ಸಂದಿತು!

ಹೊಳೆನರಸೀಪುರದಲ್ಲಿ ಅಜ್ಜಿ ಮೊರಗಳನ್ನು ಕಿಟಕಿಯಿಂದ ಒಂದೊಂದಾಗಿ ಇಳಿಸಿದಳು. ಬಸ್ಸು ಹೋಯಿತು. ನಾನು ನಿಂತೆ. ಯಾವುದು ಎಡ? ಯಾವುದು ಬಲ?

ತೂಗಿದೆ. ಒಂದರಲ್ಲಿ ಕಾಯಿ, ಅಕ್ಕಿ. ಇನ್ನೊಂದರಲ್ಲಿ ಒದ್ದೆ ಮಣ್ಣು. ಎರಡೂ ಒಂದೇ ಭಾರ. ಬಿಚ್ಚಿ ನೋಡೋಣವೆಂದರೆ, ಕಟ್ಟಿದ ಬಾಗಿನವನ್ನು ಕೊಡುವ ಮೊದಲು ಗಂಡಸು ನಡುಬೀದಿಯಲ್ಲಿ ಬಿಚ್ಚುವುದುಂಟೆ? ಕಿವಿಯ ಬಳಿ ಹಿಡಿದೆ. ಒಂದು ಸುಮ್ಮನಿತ್ತು. ಇನ್ನೊಂದರೊಳಗೆ ಮೆಲ್ಲಗೆ ಸರಸರ ಎಂದಿತು. ಹೊಸ ರವಿಕೆ ಕಣದ ಸದ್ದು! ಖಂಡಿತ ಇದೇ ಬಾಗಿನ. ಹುಳಗಳು ಪ್ರಯಾಣದ ಆಯಾಸಕ್ಕೆ ಮಲಗಿವೆ ಎಂದು ತೀರ್ಪು ಕೊಟ್ಟುಕೊಂಡು ನಡೆದೆ.

ಸುಶೀಲಮ್ಮ ಸೆರಗು ಹೊದ್ದು, ಎರಡೂ ಕೈಯಲ್ಲಿ ಮೊರ ತೆಗೆದುಕೊಂಡು, "ನಮ್ಮೂರಿಂದ ಬಂತು" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಗೌರಮ್ಮನ ಮುಂದೆ ಇಟ್ಟರು. ನನಗೆ ಒಬ್ಬಟ್ಟು ಬಡಿಸಿದರು. ನಂಜುಂಡಪ್ಪನೇ ತುಪ್ಪ ಬಡಿಸಿದ! ಹೆಂಡತಿಯ ಮುಖ ನೋಡಿ ಹೇಳಿದ: "ಹಬ್ಬ ಕಳೀಲಿ ಕಂಡಕ್ಟ್ರೇ. ಜೆಸಿಬಿ ಕಳಿಸ್ತೀನಿ. ಒಂದು ಗಿಡ ಉಳಿಯಲ್ಲ, ನೋಡ್ತಿರಿ."

ನೋಡಿ, ಅಲ್ಲಿಗೆ ಎಲ್ಲ ಮುಗಿದಿತ್ತು. ಜಯಮ್ಮ ಗೆದ್ದಿದ್ದಳು. ನಾನು ಕೈ ತೊಳೆದು ಮನೆಗೆ ಹೋಗಿ ಸುಮ್ಮನೆ ಮಲಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನನ್ನ ತಲೆಗೆ ಬಂದದ್ದೇ ಬೇರೆ: ಜೆಸಿಬಿ ಬರುವ ಮೊದಲೇ ನನ್ನ ಹುಳ ಕೆಲಸ ಮುಗಿಸಬೇಕು. ಕೀರ್ತಿ ಸಿಮೆಂಟು ವ್ಯಾಪಾರಿಗೆ ಹೋಗಬಾರದು!

ಅರಕಲಗೂಡಿಗೆ ಇಳಿದವನೇ ಸೈಟಿನ ಬಳಿ ಬಂದೆ. ಹಬ್ಬದ ದಿನವಾದ್ದರಿಂದ ಬೀದಿಯವರೆಲ್ಲ ಮನೆಯಲ್ಲೇ ಇದ್ದರು. ಕರೆದೆ. ತಿಮ್ಮೇಗೌಡ ಬೀಡಿ ಹಚ್ಚಿಕೊಂಡು ಬಂದ. ಜಯಮ್ಮ ಬಾಯಿಗೆ ಸೆರಗು ಮುಚ್ಚಿ ಬಾಗಿಲಲ್ಲೇ ನಿಂತಳು.

"ಮಹನೀಯರೇ" ಎಂದು ಶುರು ಮಾಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ಭಾಷಣ ಸ್ಪರ್ಧೆಗೆ ನಿಂತ ಮೇಲೆ ಅಂಥ ಅವಕಾಶ ನನಗೆ ಸಿಕ್ಕಿರಲಿಲ್ಲ. "ಈ ಮೊರದೊಳಗೆ ವಿಜ್ಞಾನದ ಸೈನ್ಯ ಇದೆ. ಇವು ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಸಂಬಂಧಪಟ್ಟ ಇಲಾಖೆಗಳು ಕೈಚೆಲ್ಲಿದ ಕೆಲಸವನ್ನು..."

"ಬಿಚ್ಚಲಾ ಮೊದ್ಲು" ಎಂದ ತಿಮ್ಮೇಗೌಡ.

ದಾರ ಬಿಚ್ಚಿ, ಮೇಲಿನ ಮೊರ ಎತ್ತಿ, ಕೆಳಗಿನದನ್ನು ಗಂಭೀರವಾಗಿ ಕಳೆಯ ಮೇಲೆ ಬಗ್ಗಿಸಿದೆ. ಮೊದಲು ತೆಂಗಿನಕಾಯಿ ನನ್ನ ಕಾಲಿನ ಮೇಲೆ ಬಿತ್ತು. ಆಮೇಲೆ ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಹಸಿರು ಬಳೆ, ಕನ್ನಡಿ, ಬಾಚಣಿಗೆ. ಕೊನೆಗೆ ರವಿಕೆ ಕಣ ಗಾಳಿಗೆ ಹಾರಿ ಒಂದು ಪಾರ್ಥೇನಿಯಂ ಗಿಡದ ಮೇಲೆ ಬಾವುಟದಂತೆ ಕೂತಿತು.

ಬೀದಿಯವರೆಲ್ಲ ಕತ್ತು ಚಾಚಿದರು.

ತಿಮ್ಮೇಗೌಡ ಬಗ್ಗಿ ಬಾಚಣಿಗೆ ಎತ್ತಿ ತಿರುಗಿಸಿ ನೋಡಿದ. "ಅಲ್ಲಾ ಕಂಡಕ್ಟ್ರೇ, ನಿನ್ ಉಳ ತಲೆ ಬಾಚ್ಕಂಡೇ ಊಟಕ್ ಕೂರದಾ?"

ಯಾರಿಗೂ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಹಾಗಾದರೆ ಹುಳ? ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಂಜುಂಡಪ್ಪ.

"ಏನಯ್ಯಾ!" ಊಟಕ್ಕೆ ಕೂತಾಗ ಬಹುವಚನದಲ್ಲಿದ್ದ ಮನುಷ್ಯ ಈಗ ಏಕವಚನಕ್ಕಿಳಿದಿದ್ದ. "ಮುತ್ತೈದೆ ಬಾಗಿನದಲ್ಲಿ ಹುಳ ಕಳಿಸಿದೀಯಾ? ಗೌರಮ್ಮನ ಮುಂದೆ ಬಿಚ್ಚಿದ್ರೆ ಒಳಗೆ ಮಣ್ಣು! ಬೇರು! ಮೇಲೆ ಅರಿಶಿನ ಕುಂಕುಮ ಬೇರೆ! ನಮ್ಮನೆಗೆ ಮಾಟ ಮಾಡಿಸ್ತೀಯಾ?"

"ಮಾಟ ಅಲ್ಲ ಸ್ವಾಮಿ, ಮೆಕ್ಸಿಕೋ..."

"ಎಲ್ಲಿ ಮಾಡ್ಸಿದ್ರೇನು!"

"ಅದು ಕಳೆ ತಿನ್ನೋ ಹುಳ, ನಿಮ್ಮ ಸೈಟಿಗೆ ಬಿಡೋಣ ಅಂತ..."

"ನನ್ನ ಸೈಟಿಗಾ! ಕೇಳಿದೇನೇ ಸುಶೀಲಾ, ಸೈಟಿಗೇ ಅಂತೆ ಮಾಟ! ನೋಡು, ಇನ್ನು ಜೆಸಿಬಿನೂ ಇಲ್ಲ, ಏನೂ ಇಲ್ಲ. ಆ ಕಳೆ ನಿನ್ನ ಮನೆ ಮಾಳಿಗೆ ಮೇಲೆ ಹತ್ತಲಿ!"

ಫೋನ್ ಕಡಿದ. ಒಬ್ಬಟ್ಟು ತಿನ್ನಿಸಿ ಹೀಗೆ ಮಾತಾಡುತ್ತಾರೆಯೇ! ನನಗೂ ಸಿಟ್ಟು ಬಂತು. ಆದರೆ ಹಿಂತಿರುಗಿ ನೋಡಿದೆ. ಜಯಮ್ಮ ಬಾಗಿಲು ಹಿಡಿದು ನಿಂತಿದ್ದಳು. ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಉಸಿರು ಹಿಡಿಯಲು ನೋಡುತ್ತಿದ್ದಳು. ಒಳಗೆ ಹೋದಳು. ಮಂಚದ ಕೆಳಗಿಂದ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು.

ಅಲ್ಲಿಯವರೆಗೆ ನಾನು ಗಿಡಕ್ಕೆ, ಪಂಚಾಯಿತಿಗೆ, ನಂಜುಂಡಪ್ಪನಿಗೆ, ಬಸ್ಸಿನ ಅಜ್ಜಿಗೆ, ಮೆಕ್ಸಿಕೋ ದೇಶಕ್ಕೆ ಬೈದುಕೊಂಡೇ ಇದ್ದೆ. ಆ ಸದ್ದು ಕೇಳಿದ ಮೇಲೆ ಬೈಯಲು ಒಬ್ಬನೇ ಉಳಿದ.

"ಹೋಗಬೇಡ ಕಣೆ" ಎಂದೆ.

ಅವಳು ಸೀರೆ ಮಡಿಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಇಷ್ಟು ವರ್ಷದಲ್ಲಿ ನಾನು ಆ ಮಾತು ಹೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ. "ನಾಳೆ ಹೊಳೆನರಸೀಪುರಕ್ಕೆ ಹೋಗಿ ಸುಶೀಲನ ಕಾಲು ಕಟ್ಟೋಣ. ಆಗದಿದ್ರೆ ಅಲ್ಲಿಂದಲೇ ಮಂಜನ ಮನೆಗೆ ಬಸ್ ಹತ್ತುತೀನಿ" ಎಂದಳು. ಪೆಟ್ಟಿಗೆ ಜೊತೆಗೇ ಬಂತು. ಅವಳಿಗೆ ಟಿಕೆಟ್ ಫ್ರೀ. ನನಗೂ ಪೆಟ್ಟಿಗೆಗೂ ದುಡ್ಡು ಕೊಟ್ಟೆ.

ನಂಜುಂಡಪ್ಪನ ಮನೆಯಲ್ಲಿ ನನ್ನನ್ನು ಗೇಟಿನಾಚೆಯೇ ನಿಲ್ಲಿಸಿದರು. ಒಳಗೆ ಹೆಂಗಸರಿಬ್ಬರೂ ಬಹಳ ಹೊತ್ತು ಮಾತಾಡಿದರು. ಮೊದಲು ಅಳುವ ಸದ್ದು. ಆಮೇಲೆ ಕೆಮ್ಮು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು. ಅಳು ನನಗೆ ಇಷ್ಟು ಕಸಿವಿಸಿ ಮಾಡಿರಲಿಲ್ಲ! ಕೊನೆಗೆ ಸುಶೀಲಮ್ಮ ಬಾಗಿಲಿಗೆ ಬಂದರು.

"ಬನ್ನಿ ಅಣ್ಣ. ನೀವು ಕಳಿಸಿದ ನೆಂಟರು ಇನ್ನೂ ದೇವರ ಮನೆ ಬಿಟ್ಟು ಎದ್ದಿಲ್ಲ. ಕರ್ಕೊಂಡು ಹೋಗಿ."

ಮಂಡಿಯೂರಿ ದೇವರಮನೆಯ ಮೂಲೆ ಮೂಲೆ ಹುಡುಕಿದೆ. ಗೌರಮ್ಮನ ಮಂಟಪದ ಬಾಳೆಕಂದಿನ ಸಂದಿ, ಗಂಟೆಯ ಒಳಗೆ, ಹೂವಿನ ಬುಟ್ಟಿಯಲ್ಲಿ. ಸೊಂಟ ಬಗ್ಗುವುದಿಲ್ಲ ಎಂದಿದ್ದೆನಲ್ಲ, ಬಗ್ಗಿತು! ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನಂಜುಂಡಪ್ಪ, "ಅಗೋ ಅಲ್ಲೊಂದು" ಎಂದು ಬೆರಳು ತೋರಿಸುತ್ತಿದ್ದ. ಅರ್ಧ ಹುಳಗಳು ಕಿಟಕಿಯಿಂದ ಹಾರಿಹೋದವು. ನನ್ನನ್ನು ಅಷ್ಟು ಹೊತ್ತು ಆ ಭಂಗಿಯಲ್ಲಿ ನೋಡಿ ಅವನ ಸಿಟ್ಟು ಇಳಿಯಿತೆಂದು ತೋರುತ್ತದೆ.

"ಸೈಟಿನ ಕಳೆ ತೆಗೆಯಕ್ಕೆ ಒಪ್ಪಿದೀನಿ" ಎಂದ. "ಆದರೆ ಜೆಸಿಬಿ ಇಲ್ಲ. ಹುಳನೂ ಇಲ್ಲ. ನೀವೇ ಕೈಯಾರೆ ಕೀಳಬೇಕು. ಆಗ ನಿಮ್ಮನೆಯವರು ಊರು ಬಿಡೋದು ತಪ್ಪುತ್ತೆ."

ಒಂದು ಹಳ್ಳ ತೋಡಿ ಒಳಗಿಳಿ ಎಂದಿದ್ದರೂ ಇಳಿಯುತ್ತಿದ್ದೆ. ಪೆಟ್ಟಿಗೆ ಹೊತ್ತುಕೊಂಡು ಜಯಮ್ಮನೊಡನೆ ಅರಕಲಗೂಡಿಗೆ ಹಿಂತಿರುಗಿದೆ.

ಮಾರನೆಯ ಬೆಳಗ್ಗೆಯಿಂದ ಕೀಳಲು ತೊಡಗಿದೆ. ಬಾಯಿಗೆ ಟವಲು, ಕೈಗೆ ಪ್ಲಾಸ್ಟಿಕ್ ಕವರು. ಬೀದಿಯಲ್ಲಿ ಹೋಗುವವರೆಲ್ಲ ನಿಂತು, "ಏನ್ ಸಾ, ಉಳ ರಜಾನಾ?" ಎಂದು ಕೇಳಿ ಹೋಗುತ್ತಿದ್ದರು. ಸೈಟಿನ ಒಳಭಾಗಕ್ಕೆ ತಲುಪಿದ ದಿನ ಒಂದು ಗಿಡ ಕಿತ್ತು ಮಗುಚಿದೆ. ಎಲೆಯ ಅಡಿಯಲ್ಲಿ ಹಾಲುಬಿಳುಪು ಬೆನ್ನು, ಕಂದು ಗೆರೆ. ಪಕ್ಕದ ಗಿಡದಲ್ಲಿ ಇನ್ನೊಂದು. ಅದರಾಚೆ ಒಂದು ಸಂಸಾರ! ಯಾರೂ ತಂದು ಬಿಡದೆ, ಬಸ್ಸು ಹತ್ತದೆ, ಅರಿಶಿನ ಕುಂಕುಮ ಹಚ್ಚಿಸಿಕೊಳ್ಳದೆ, ತಮ್ಮಷ್ಟಕ್ಕೆ ತಾವು ನಮ್ಮ ಸೈಟಿನಲ್ಲೇ ಇದ್ದವು.

"ಈಗ್ ಕಂಡ್ಯಾ? ವರ್ಸಾವರ್ಸಾ ಬತ್ತವೆ ಕಣ್ಲಾ ಇವು" ಎಂದ ತಿಮ್ಮೇಗೌಡ.

"ಮೊದಲೇ ಹೇಳಬಾರದಿತ್ತೇನೋ?"

"ನೀನ್ ಮೆಕ್ಸಿಕೋ ಉಳ ಅಂದೆ. ಇವು ನಮ್ಮೂರ್ ಉಳ ಅನ್ಕಂಡಿದ್ದೆ."

ಎಂಥ ಸೋಮಾರಿ ಹುಳಗಳು! ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಉಸಿರಿಗೆ ಒದ್ದಾಡುತ್ತಿದ್ದಾಳೆ, ಇವು ನಿಧಾನಕ್ಕೆ ಅಂಚಿನಿಂದ ಕಚ್ಚುತ್ತಾ ಕೂತಿವೆ. ಗಿಡ ಬೆಳೆಯುವ ವೇಗಕ್ಕೆ ಇವುಗಳ ತಿನ್ನುವ ವೇಗ ಯಾವ ಮೂಲೆಗೂ ಸಾಲದು. ಎಲ್ಲವನ್ನೂ ನಾನೇ ಕಿತ್ತೆ. ಕೊನೆಯ ಗಿಡ ಕಿತ್ತ ದಿನ ಜಯಮ್ಮ ಹಜಾರದಿಂದ ಹಿತ್ತಲವರೆಗೆ ಗೋಡೆ ಮುಟ್ಟದೆ ನಡೆದಳು. ನನ್ನ ಬಾಳಿನಲ್ಲಿ ಅಷ್ಟು ಸಂತೋಷಪಟ್ಟ ದಿನ ಕಡಿಮೆ.

ಆ ವಾರವೇ ನನ್ನ ಮೈ ತುರಿಸಲು ಶುರುವಾಯಿತು. ಮೊದಲು ಮುಂಗೈ, ಆಮೇಲೆ ಕತ್ತು, ಆಮೇಲೆ ಕಣ್ಣಿನ ರೆಪ್ಪೆ. ಮುಖ ಊದಿ ಕುಂಬಳಕಾಯಿಯಾಯಿತು. ಹಾಸನದ ಅದೇ ಡಾಕ್ಟರು ಕನ್ನಡಕ ತೆಗೆದಿಟ್ಟರು. "ಪಾರ್ಥೇನಿಯಂ ಅಲರ್ಜಿ. ಈಗ ನಿಮಗೆ. ಸೈಟಿನಲ್ಲಿ ಮೊಳಕೆ ಮತ್ತೆ ಏಳ್ತಾ ಇರುತ್ತೆ. ಸ್ವಲ್ಪ ಕಾಲ ಅಲ್ಲಿಂದ ದೂರ ಇದ್ದುಬಿಡಿ."

ಪೆಟ್ಟಿಗೆಯಲ್ಲಿ ಜಯಮ್ಮನ ಸೀರೆಗಳಿದ್ದವು. ತೆಗೆದಿಟ್ಟು ನನ್ನ ಪಂಚೆ ತುಂಬಿದಳು.

ಹಾಗಾಗಿ ಇದನ್ನು ಚನ್ನರಾಯಪಟ್ಟಣದಲ್ಲಿ, ಹುಳ ಮೇಯ್ದು ಸುತ್ತ ಕಳೆಯೇ ಉಳಿಯದ ಬಾಮೈದನ ಮನೆಯ ಜಗಲಿಯ ಮೇಲೆ, ಮುಖಕ್ಕೆ ಮುಲಾಮು ಬಳಿದುಕೊಂಡು ಬರೆಯುತ್ತಿದ್ದೇನೆ. ಸೈಟಿನಲ್ಲಿ ಏಳುವ ಮೊಳಕೆಯನ್ನು ತಿಮ್ಮೇಗೌಡನೇ ಕಿತ್ತು ಹಾಕುತ್ತಿದ್ದಾನಂತೆ. ಬಗ್ಗಿ.

ದಿನಾ ಸಂಜೆ ಮನೆಗೆ ಫೋನ್ ಮಾಡುತ್ತೇನೆ. ನಿನ್ನೆಯೂ ಕೇಳಿದೆ: "ಉಸಿರಾಟ ಹೇಗಿದೆಯೇ?"

"ನೀವು ಆ ಕಡೆ ಹೋದಮೇಲೆ ಭಾಳ ಸಲೀಸಾಗಿದೆ ಕಣ್ರೀ" ಎಂದಳು. "ಏನೂ ಅವಸರ ಇಲ್ಲ. ಸಂಕ್ರಾಂತಿ ಕಳ್ಕೊಂಡೇ ಬನ್ನಿ."

ಕಳೆ ಹೋಗಿದ್ದಕ್ಕೋ ನಾನು ಹೋಗಿದ್ದಕ್ಕೋ ಎಂದು ಅವಳು ಹೇಳಲಿಲ್ಲ. ನಾನು ಮುಖಕ್ಕೆ ಇನ್ನಷ್ಟು ಮುಲಾಮು ಬಳಿದುಕೊಂಡೆ.